ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ‘ಇಂದಿಗೂ ಗಟ್ಟಿ’ಯೇ? ಫಾರ್ವರ್ಡ್‌ಗಳಲ್ಲಿ ಬರುವ ಎಂಟು ಮಾತುಗಳು, ಅವುಗಳ ನಿಜ

ಚಾವಣಿ ಇಲ್ಲದ ಪುಟ್ಟ ಕೆಂಪು ಕಾರು. ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ. ಕೆಳಗೆ ಒಂದು ಸಾಲು: ‘60 ವರ್ಷವಾದರೂ ಹೊಸದರಂತೆ ಓಡುತ್ತಿದೆ. ಅಂದಿನದು ಕಬ್ಬಿಣ, ಇಂದಿನದು ತಗಡು!’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಚಿತ್ರ ಚೆನ್ನಾಗಿರುತ್ತದೆ, ಓದಿದವರು ಹೌದೌದು ಎಂದು ಮುಂದಕ್ಕೆ ಕಳಿಸುತ್ತಾರೆ.

ಚಿತ್ರದಲ್ಲಿರುವ ಕಾರು ನಿಜ, ಅದು ಓಡುತ್ತಿರುವುದೂ ನಿಜ. ಆದರೆ ಜೊತೆಗೆ ಬರುವ ಮಾತುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ಒಂದೆರಡು ಜೀವಕ್ಕೇ ಅಪಾಯ ತರುವಂಥವು.

ಚುಟುಕಾಗಿ ಹೇಳುವುದಾದರೆ, ಈ ಕಾರುಗಳನ್ನು ಹಾಳು ಮಾಡುವುದು ಓಡಿದ ಕಿಲೋಮೀಟರ್‌ಗಿಂತ ಹೆಚ್ಚಾಗಿ ಕಳೆದ ವರ್ಷಗಳು. ರಬ್ಬರ್, ಬ್ರೇಕ್ ಆಯಿಲ್, ಟೈರು, ಬಾಗಿಲ ಕೆಳಗಿನ ತಗಡು, ಇವೆಲ್ಲ ಕಾರು ನಿಂತಲ್ಲೇ ಇದ್ದರೂ ಹಳತಾಗುತ್ತವೆ. ಆದ್ದರಿಂದ ಇವುಗಳ ನಿರ್ವಹಣೆಯನ್ನು ಮೀಟರ್ ನೋಡಿ ಅಲ್ಲ, ಕ್ಯಾಲೆಂಡರ್ ನೋಡಿ ಮಾಡಬೇಕು.

ಯಾವ ಕಾರುಗಳ ಮಾತು ಇದು?

ಎರಡನೇ ಮಹಾಯುದ್ಧದ ನಂತರ ಸುಮಾರು 1980ರವರೆಗೆ ಬ್ರಿಟನ್ನಿನಲ್ಲಿ ತಯಾರಾದ, ಹೆಚ್ಚಾಗಿ ಇಬ್ಬರು ಮಾತ್ರ ಕೂರಬಹುದಾದ ಹಗುರ ಕಾರುಗಳಿವು. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ, ಜಾಗ್ವಾರ್, ಲೋಟಸ್, ಮಾರ್ಗನ್ ಇವುಗಳಲ್ಲಿ ಹೆಸರಾದವು. ಎಂಜಿಬಿ ಎಂಬ ಮಾದರಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಅದರ ಸಂಖ್ಯೆ 5 ಲಕ್ಷ ದಾಟಿತ್ತು. ಟ್ರಯಂಫ್ ಸ್ಪಿಟ್‌ಫೈರ್ ಕೂಡ ಅದೇ ವರ್ಷಗಳಲ್ಲಿ 3 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಜಾಗ್ವಾರ್ ಇ-ಟೈಪ್ 1961ರಲ್ಲಿ ಬಂದು 1975ರ ಹೊತ್ತಿಗೆ ನಿಂತಿತು.

ಇವು ನಮಗೆ ತೀರಾ ದೂರದವೇನಲ್ಲ. ನಮ್ಮ ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಬಹುಕಾಲ ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ ಇದ್ದ ‘ಬಿ-ಸೀರೀಸ್’ ಕುಟುಂಬದ್ದೇ. 1960ರ ದಶಕದಲ್ಲಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದರೆ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಅದರ ಚಾಸಿಯನ್ನೇ ಮೊಟಕು ಮಾಡಿ ಸ್ಪಿಟ್‌ಫೈರ್ ಕಾರನ್ನು ರೂಪಿಸಿದರು. ಹಾಗಾಗಿ ಮನೆಯಲ್ಲಿ ಹಳೇ ಅಂಬಾಸಿಡರ್ ಅಥವಾ ಹೆರಾಲ್ಡ್ ಇಟ್ಟುಕೊಂಡವರಿಗೂ ಮುಂದಿನ ಮಾತುಗಳಲ್ಲಿ ಬಹುಪಾಲು ಅನ್ವಯಿಸುತ್ತವೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. 2019ರಿಂದ ಭಾರತದಲ್ಲಿ ಮಾರಾಟವಾಗುತ್ತಿರುವ ಎಂಜಿ ಕಾರುಗಳಿಗೆ ಹೆಸರು ಮಾತ್ರ ಹಳೆಯದು. ಈ ಬ್ರ್ಯಾಂಡ್ ಈಗ ಚೀನಾದ ಎಸ್‌ಎಐಸಿ ಕಂಪನಿಯ ಒಡೆತನದಲ್ಲಿದೆ. ಆಬಿಂಗ್ಡನ್ ಕಾರ್ಖಾನೆ 1980ರಲ್ಲೇ ಬಾಗಿಲು ಹಾಕಿತು.

ಮಾತು 1: ‘ಹಳೇ ಕಬ್ಬಿಣದ ಬಾಡಿ ಇಂದಿನ ಕಾರಿಗಿಂತ ಸುರಕ್ಷಿತ’

ತಪ್ಪು. ಅತಿ ಹೆಚ್ಚು ಫಾರ್ವರ್ಡ್ ಆಗುವ, ಅತಿ ಅಪಾಯಕಾರಿ ಮಾತು ಇದೇ.

ಮೊದಲನೆಯದಾಗಿ, ಈ ಕಾರುಗಳು ಭಾರವೇ ಅಲ್ಲ. ಎಂಜಿಬಿಯ ತೂಕ ಸುಮಾರು 900ರಿಂದ 1000 ಕೆ.ಜಿ. ಸ್ಪಿಟ್‌ಫೈರ್ ಅದಕ್ಕಿಂತಲೂ ಹಗುರ. ಹಗುರವಾಗಿರುವುದೇ ಸ್ಪೋರ್ಟ್ಸ್ ಕಾರಿನ ಗುಣ.

ಎರಡನೆಯದಾಗಿ, ಡಿಕ್ಕಿಯಲ್ಲಿ ಬಾಡಿ ನುಜ್ಜುಗುಜ್ಜಾಗದೆ ಉಳಿದರೆ ಒಳಗಿರುವವರೂ ಉಳಿಯುತ್ತಾರೆ ಎಂಬುದು ಸರಿಯಲ್ಲ. ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಬೇಕಾದರೆ ಆ ವೇಗದಲ್ಲಿರುವ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಇಂದಿನ ಕಾರಿನ ಮುಂಭಾಗವನ್ನು ಬೇಕೆಂದೇ ಮಡಚಿಕೊಳ್ಳುವಂತೆ ಮಾಡಿರುತ್ತಾರೆ. ಅದು ಮಡಚಿಕೊಳ್ಳುತ್ತ ಶಕ್ತಿಯನ್ನು ಹೀರಿಕೊಳ್ಳುತ್ತದೆ, ಜನ ಕೂರುವ ಭಾಗ ಮಾತ್ರ ಪೆಟ್ಟಿಗೆಯಂತೆ ಗಟ್ಟಿಯಾಗಿ ಉಳಿಯುತ್ತದೆ. ಹಳೇ ಕಾರುಗಳಲ್ಲಿ ಇಂದಿನ ಮಟ್ಟದ ಈ ಏರ್ಪಾಡು ಇಲ್ಲ. ಹೊಡೆತ ನೇರವಾಗಿ ಒಳಗಿರುವವರಿಗೆ ತಲುಪುತ್ತದೆ. 1960ರ ದಶಕದ ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಕಂಬವೂ ಒತ್ತಿದರೆ ಕುಗ್ಗುವಂಥದ್ದಲ್ಲ. ಮುಂಭಾಗ ಹಿಂದೆ ಸರಿದರೆ ಅದು ಚಾಲಕರ ಎದೆಗೇ ಬರುತ್ತದೆ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಎದುರುಬದುರು ಡಿಕ್ಕಿ ಹೊಡೆಸಿತು. ಬೆಲ್ ಏರ್ ನಮ್ಮ ಎಂಜಿಬಿಗಿಂತ ಎಷ್ಟೋ ದೊಡ್ಡದಾದ, ಭಾರವಾದ ಕಾರು. ಆದರೂ ಅದರ ಚಾಲಕರ ಜಾಗವೇ ಕುಸಿಯಿತು. ಹೊಸ ಕಾರಿನ ಒಳಭಾಗ ಹೆಚ್ಚುಕಡಿಮೆ ಹಾಗೇ ಉಳಿಯಿತು.

ಇವು ಏರ್‌ಬ್ಯಾಗ್, ಎಬಿಎಸ್ ಇಲ್ಲದ ಕಾಲದ ಕಾರುಗಳು. ತೀರಾ ಹಳೆಯವಕ್ಕೆ ಸೀಟ್ ಬೆಲ್ಟೂ ಇಲ್ಲ. ಹೀಗಾಗಿ ಗಟ್ಟಿಯಾಗಿರುವ ಜಾಗ ನೋಡಿ, ತಿಳಿದವರಿಂದ ಬೆಲ್ಟ್ ಹಾಕಿಸಿಕೊಳ್ಳುವುದೇ ಈ ಕಾರಿಗೆ ಮಾಡಬಹುದಾದ ಮೊದಲ ಒಳ್ಳೆಯ ಕೆಲಸ.

ಮಾತು 2: ‘ಓಡಿಸದೆ ನಿಲ್ಲಿಸಿಟ್ಟ ಕಾರು ಹೊಸದರಂತೆ ಇರುತ್ತದೆ’

ತಪ್ಪು. ‘20 ವರ್ಷ ಶೆಡ್ಡಿನಲ್ಲೇ ಇತ್ತು, ಬರೀ 30 ಸಾವಿರ ಕಿಲೋಮೀಟರ್’ ಎಂಬ ಜಾಹೀರಾತು ಕಂಡರೆ ಖುಷಿಪಡುವ ಬದಲು ಹುಷಾರಾಗಬೇಕು.

ನಿಂತ ಕಾರಿನಲ್ಲಿ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಕಾರ್ಬುರೇಟರ್‌ನ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಡುತ್ತವೆ. ಬ್ರೇಕಿನ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಕಡೆ ಭಾರ ಹೊತ್ತ ಟೈರು ಅಲ್ಲಿ ಚಪ್ಪಟೆಯಾಗುತ್ತದೆ.

ಹಾಗಾದರೆ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕೇ? ಅದು ಇನ್ನೊಂದು ತಪ್ಪು ತಿಳಿವಳಿಕೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಆ ನೀರು ಆವಿಯಾಗಿ ಹೊರಹೋಗುತ್ತದೆ. ಐದೇ ನಿಮಿಷಕ್ಕೆ ಆಫ್ ಮಾಡಿದರೆ ಸೈಲೆನ್ಸರ್ ಪೈಪಿನಲ್ಲೂ ಎಂಜಿನ್ ಆಯಿಲಿನಲ್ಲೂ ನೀರು ಉಳಿಯುತ್ತದೆ. ಚೋಕ್ ಎಳೆದು ಸ್ಟಾರ್ಟ್ ಮಾಡಿದ್ದರೆ ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದುಬಿಡುತ್ತದೆ. ಅದರ ಬದಲು ಎರಡು ಮೂರು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಗೇರು, ಬ್ರೇಕು, ಚಕ್ರದ ಬೇರಿಂಗ್ ಎಲ್ಲಕ್ಕೂ ಅದೇ ವ್ಯಾಯಾಮ.

ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಬೇಕು, ಆ ವರ್ಷ ಓಡಿದ್ದು ಬರೀ 500 ಕಿಲೋಮೀಟರ್ ಆಗಿದ್ದರೂ ಸರಿ.

ಮಾತು 3: ‘ಬ್ರೇಕ್ ಹಿಡಿಯುತ್ತಿದೆ, ಟೈರಿಗೆ ಗಟ್ಟೆ ಇದೆ, ಮತ್ತೇನು?’

ಅರ್ಧ ನಿಜ. ಕಣ್ಣಿಗೆ ಕಾಣುವುದಷ್ಟೇ ಸಾಲದು.

ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿಕೊಂಡ ಸ್ಥಿತಿಯಲ್ಲಿ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಮೇಲೆ ಬ್ರೇಕ್ ಹಾಕಿ ಬಿಸಿಯಾದರೆ ಆ ದ್ರವ ಕುದಿದು ಗುಳ್ಳೆಗಳಾಗುತ್ತವೆ. ದ್ರವವನ್ನು ಅದುಮಿದರೆ ಒತ್ತಡ ಮುಂದಕ್ಕೆ ಹೋಗುತ್ತದೆ, ಗುಳ್ಳೆಯನ್ನು ಅದುಮಿದರೆ ಗುಳ್ಳೆ ಮಾತ್ರ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಮನೆ ಮುಂದಿನ ರಸ್ತೆಯಲ್ಲಿ ಚೆನ್ನಾಗಿ ಹಿಡಿದ ಬ್ರೇಕು ಘಾಟಿಯಲ್ಲಿ ಕೈಕೊಡುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬ್ರೇಕ್ ಆಯಿಲ್ ಬದಲಿಸುವುದು ಇದಕ್ಕಿರುವ ಅಗ್ಗದ ಪರಿಹಾರ.

ಈಗಿನ ಕಾರುಗಳಲ್ಲಿ ಬ್ರೇಕಿನ ಒತ್ತಡ ಎರಡು ಬೇರೆ ದಾರಿಗಳಲ್ಲಿ ಹೋಗುತ್ತದೆ. ಒಂದು ಪೈಪ್ ಒಡೆದರೂ ಇನ್ನೊಂದು ದಾರಿಯಲ್ಲಿ ಸ್ವಲ್ಪವಾದರೂ ಬ್ರೇಕ್ ಉಳಿಯುತ್ತದೆ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಇರುವುದು ಒಂದೇ ದಾರಿ. ಒಂದು ರಬ್ಬರ್ ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ, ಹ್ಯಾಂಡ್‌ಬ್ರೇಕ್ ಮಾತ್ರ ಉಳಿಯುತ್ತದೆ. ಈ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡು ಒಳಗೆ ಊದಿಕೊಂಡಿರಬಹುದು.

ಟೈರಿನದೂ ಇದೇ ಕತೆ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ಕಾರಿನಲ್ಲಿ ಗಟ್ಟೆ ಸವೆಯುವ ಮೊದಲೇ ರಬ್ಬರ್ ಗಡುಸಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಇರುತ್ತವೆ. ‘2319’ ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು, ನೋಡಿದ ದಿನವೇ ತೆಗೆಸಿ. ಬ್ರಿಟನ್ನಿನಲ್ಲಿ 2021ರಿಂದ ಬಸ್ಸು, ಲಾರಿಗಳ ಮುಂದಿನ ಚಕ್ರಗಳಿಗೆ 10 ವರ್ಷ ಮೀರಿದ ಟೈರು ನಿಷಿದ್ಧ. ಕಾರುಗಳಿಗೆ ಈ ನಿಯಮ ಇಲ್ಲವಾದರೂ ಕಾರಣ ಕಾರಿಗೂ ಒಂದೇ.

ಇನ್ನೊಂದು ಎಚ್ಚರಿಕೆ. ಆ ಕಾಲದ ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಕೆಲವು ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರವೂ ಕ್ಯಾನ್ಸರ್ ಬರಬಹುದು. ಬ್ರಿಟನ್ ಇದನ್ನು 1999ರಲ್ಲಿ ಸಂಪೂರ್ಣ ನಿಷೇಧಿಸಿತು. ಹಳೇ ಬ್ರೇಕ್ ಡ್ರಮ್ ಬಿಚ್ಚಿದಾಗ ಗಾಳಿ ಹೊಡೆದು ಧೂಳು ಹಾರಿಸುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲೂ ಇದೆ. ಹಾಗೆ ಮಾಡಬೇಡಿ, ಮಾಡಲು ಬಿಡಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಬೇಕು. ಕೆಲಸ ಮಾಡುವ ಹುಡುಗನ ಆರೋಗ್ಯದ ಪ್ರಶ್ನೆ ಅದು.

ಮಾತು 4: ‘ಈಗಿನ ಪೆಟ್ರೋಲ್ ಹಾಕಿದರೆ ಹಳೇ ಎಂಜಿನ್ ಕೆಟ್ಟೇ ಹೋಗುತ್ತದೆ’

ಅರ್ಧ ನಿಜ. ಇಲ್ಲಿ ಎರಡು ಬೇರೆ ವಿಷಯಗಳು ಬೆರೆತಿವೆ: ಸೀಸ ಮತ್ತು ಎಥನಾಲ್.

ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ಎಗ್ಸಾಸ್ಟ್ ವಾಲ್ವ್ ಕೂರುವ ಜಾಗವನ್ನು ಸವೆಯದಂತೆ ಕಾಯುತ್ತಿತ್ತು. ಸೀಸ ಮಕ್ಕಳ ಮೆದುಳಿಗೆ ವಿಷ. 2000ದ ಹೊತ್ತಿಗೆ ಬ್ರಿಟನ್ನಿನಲ್ಲೂ ಭಾರತದಲ್ಲೂ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ಅದಿಲ್ಲದೆ ಹಳೇ ಎಂಜಿನ್ ತಕ್ಷಣ ಕೆಡುವುದಿಲ್ಲ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡಿಸಿದರೆ ಆ ಜಾಗ ನಿಧಾನವಾಗಿ ಸವೆದು, ವಾಲ್ವ್ ಒಳಕ್ಕೆ ಇಳಿಯುತ್ತದೆ. ಸರಿಹೊಂದಿಸಿದ ವಾಲ್ವ್ ಗ್ಯಾಪ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಅದೇ ಲಕ್ಷಣ. ಯಾವಾಗಲಾದರೂ ಹೆಡ್ ಬಿಚ್ಚಿದಾಗ ಗಡಸು ಲೋಹದ ವಾಲ್ವ್ ಸೀಟ್ ಹಾಕಿಸಿದರೆ ಈ ತಲೆನೋವು ಮುಗಿಯಿತು.

ಎಥನಾಲ್ ವಿಷಯ ಹೆಚ್ಚು ಗಂಭೀರ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲ್ ಎಂದರೆ ಶೇ 10ರವರೆಗೆ ಎಥನಾಲ್ ಇರುವ ಇ10. ಹಳೇ ಕಾರುಗಳಿಗೆ ಶೇ 5ಕ್ಕಿಂತ ಹೆಚ್ಚಿಲ್ಲದ ‘ಸೂಪರ್’ ದರ್ಜೆಯ ಪೆಟ್ರೋಲನ್ನೇ ಹಾಕಿ ಎಂದು ಅಲ್ಲಿನ ಸರ್ಕಾರ ಸಲಹೆ ನೀಡುತ್ತದೆ. ಭಾರತದಲ್ಲಿ ಈಗ ಶೇ 20ರ ಇ20 ಬಂದಿದೆ. ಅದನ್ನು ತಡೆಯಬಲ್ಲ ಭಾಗಗಳು ಇರುವುದು 2023ರ ಆಸುಪಾಸಿನಿಂದ ಈಚೆಗೆ ತಯಾರಾದ ವಾಹನಗಳಲ್ಲಿ.

ಎಥನಾಲ್ ಮಾಡುವುದು ಮೂರು ಕೆಲಸ. ಹಳೇ ಬಗೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ ಅಥವಾ ಬಿರುಕು ಬಿಡಿಸುತ್ತದೆ. ನೀರನ್ನು ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕು ತರಿಸುತ್ತದೆ. ಎಂಜಿನ್‌ಗೆ ಹೋಗುವ ಪೆಟ್ರೋಲ್-ಗಾಳಿಯ ಪ್ರಮಾಣವನ್ನು ಏರುಪೇರು ಮಾಡುತ್ತದೆ. ಹೊಸ ಕಾರಿನಲ್ಲಿ ಸೆನ್ಸರ್ ಇದನ್ನು ತಾನೇ ಸರಿಪಡಿಸುತ್ತದೆ, ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಎಂಜಿನ್ ಹೆಚ್ಚು ಬಿಸಿಯಾಗಿ ಓಡುತ್ತದೆ.

ಇವುಗಳಲ್ಲಿ ರಬ್ಬರಿನದೇ ನಿಜವಾದ ಅಪಾಯ. ಎಂಜಿಬಿಯ ಎಂಜಿನ್‌ನಲ್ಲಿ ಕಾರ್ಬುರೇಟರ್‌ಗಳೂ ಬಿಸಿ ಹೊಗೆ ಹೋಗುವ ಪೈಪೂ ಒಂದೇ ಪಕ್ಕದಲ್ಲಿವೆ, ಅದೂ ಕಾರ್ಬುರೇಟರ್ ಮೇಲೆ, ಪೈಪ್ ಕೆಳಗೆ. ಬಿರುಕು ಬಿಟ್ಟ ಹೋಸ್‌ನಿಂದ ತೊಟ್ಟಿಕ್ಕಿದ ಪೆಟ್ರೋಲ್ ಎಲ್ಲಿ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ‘ಇ20 ಹಾಕಿದ ದಿನವೇ ಎಂಜಿನ್ ಸ್ಫೋಟ’ ಎಂಬ ಫಾರ್ವರ್ಡ್ ಸುಳ್ಳು. ‘ಏನೂ ಆಗುವುದಿಲ್ಲ’ ಎಂಬುದೂ ಸುಳ್ಳು. ಆಗುವುದು ನಿಧಾನವಾಗಿ, ಬಾನೆಟ್ ಕೆಳಗೆ, ಯಾರೂ ನೋಡದಾಗ.

ಮಾಡಬೇಕಾದ್ದು ಇಷ್ಟು: ಎಲ್ಲ ಪೆಟ್ರೋಲ್ ಹೋಸ್‌ಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ, ಕಾರ್ಬುರೇಟರ್ ಸೀಲುಗಳನ್ನೂ ಹಾಗೇ. ತಿಂಗಳಿಗೊಮ್ಮೆ ಹೋಸನ್ನು ಬಗ್ಗಿಸಿ ನೋಡಿ. ಕಾರಿನಲ್ಲಿ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಕೈಗೆ ಸಿಗುವಂತಿರಲಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ.

ಮಾತು 5: ‘ಬ್ರಿಟಿಷ್ ಕಾರು ಎಂದರೆ ಆಯಿಲ್ ಸೋರಲೇಬೇಕು’

ಅರ್ಧ ನಿಜ. ‘ಆಯಿಲ್ ಸೋರುತ್ತಿಲ್ಲ ಎಂದರೆ ಒಳಗೆ ಆಯಿಲ್ ಇಲ್ಲ ಎಂದರ್ಥ’ ಎಂಬುದು ಈ ಕಾರುಗಳ ಬಗ್ಗೆ ಇರುವ ಹಳೇ ತಮಾಷೆ. ಅದಕ್ಕೆ ಕಾರಣವೂ ಉಂಟು. ಎಂಜಿಎ ಮತ್ತು ಮೊದಲ ಎಂಜಿಬಿಗಳಲ್ಲಿ ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ತುದಿಗೆ ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟ್ ಮೇಲೆ ಸ್ಕ್ರೂ ಮರೆಯಂಥ ಗೀರುಗಳಿದ್ದವು. ಶಾಫ್ಟ್ ತಿರುಗುವಾಗ ಅವು ಆಯಿಲನ್ನು ಒಳಕ್ಕೆ ತಳ್ಳುತ್ತಿದ್ದವು. ಎಂಜಿನ್ ನಿಂತರೆ ತಳ್ಳುವುದೂ ನಿಲ್ಲುತ್ತದೆ. ಹೀಗಾಗಿ ನಿಲ್ಲಿಸಿದಾಗ ಒಂದೆರಡು ಹನಿ ಬೀಳುವುದು ಆ ರಚನೆಯ ಸ್ವಭಾವ.

ಆದರೆ ರಾತ್ರಿ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಮಡು ನಿಂತರೆ ಅದು ಸ್ವಭಾವವಲ್ಲ, ರಿಪೇರಿ. ಒಂದು ರಟ್ಟನ್ನು ಕಾರಿನ ಕೆಳಗೆ ಇಟ್ಟು ನೋಡಿ. ಕಪ್ಪು ಕಂದು ಹನಿ ಎಂಜಿನ್ ಆಯಿಲ್. ಚಕ್ರದ ಒಳಬದಿಯಲ್ಲಿ ತೆಳು ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಕಾರು ಓಡಿಸಬೇಡಿ. ಪೆಟ್ರೋಲ್ ವಾಸನೆಯಂತೂ ಎಂದಿಗೂ ‘ಹಳೇ ಕಾರಿನ ವಾಸನೆ’ ಅಲ್ಲ.

ದುಬಾರಿ ತೆಳು ಸಿಂಥೆಟಿಕ್ ಆಯಿಲ್ ಹಾಕಿದರೆ ಒಳ್ಳೆಯದು ಎಂಬ ಸಲಹೆಯೂ ಬರುತ್ತದೆ. ಈ ಎಂಜಿನ್‌ಗಳ ಒಳಗಿನ ಸಂದುಗಳು ದೊಡ್ಡವು, ಅವಕ್ಕೆ ಹೊಂದುವುದು 20ಡಬ್ಲ್ಯೂ-50ಯಂಥ ಮಂದ ಆಯಿಲ್. ಇವುಗಳ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜುತ್ತವೆ, ಸವೆತ ತಡೆಯಲು ಸತು ಮತ್ತು ರಂಜಕದ ಅಂಶ ಬೇಕು. ಇಂದಿನ ಕಾರಿನ ಅನೇಕ ಆಯಿಲ್‌ಗಳಲ್ಲಿ ಆ ಅಂಶ ಕಡಿಮೆ ಮಾಡಿದ್ದಾರೆ. ಬೆಲೆ ನೋಡುವ ಬದಲು ಡಬ್ಬದ ಮೇಲಿನ ಅಂಕಿ ನೋಡಿ.

ಮಾತು 6: ‘ಲೂಕಾಸ್ ವೈರಿಂಗ್ ಎಂದರೆ ಕತ್ತಲೆಯ ರಾಜಕುಮಾರ’

ಹೆಚ್ಚಾಗಿ ತಮಾಷೆ. ಬರ್ಮಿಂಗ್‌ಹ್ಯಾಮ್‌ನ ಲೂಕಾಸ್ ಕಂಪನಿ ಈ ಕಾರುಗಳಲ್ಲಿ ಬಹುಪಾಲಿಗೆ ದೀಪ, ಡೈನಮೋ, ಸ್ವಿಚ್ಚು ಒದಗಿಸುತ್ತಿತ್ತು. ನಡುದಾರಿಯಲ್ಲಿ ದೀಪ ಆರಿದವರು ಕಟ್ಟಿದ ಅಡ್ಡಹೆಸರು ಅದು. ಆದರೆ 50 ವರ್ಷದ ನಂತರ ಕಾಣುವ ತೊಂದರೆಗಳಲ್ಲಿ ಹೆಚ್ಚಿನವು ವೈರ್ ಜೋಡಣೆಗಳಿಗೆ ಹಿಡಿದ ಕಿಲುಬಿನಿಂದ, ಅರ್ತ್ ಸರಿಯಾಗಿ ಸಿಗದೆ ಬರುವಂಥವು. ಬ್ಯಾಟರಿಯಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿಗಳನ್ನು ಬಿಚ್ಚಿ, ಉಜ್ಜಿ, ಬಿಗಿದು ನೋಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನಿಜವಾಗಿ ಎಚ್ಚರ ಬೇಕಾದ್ದು ಬೇರೆ ಇದೆ. 1960ರ ದಶಕದ ನಡುವಿನವರೆಗೆ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಜೋಡಿಸುತ್ತಿದ್ದದ್ದು ಬ್ಯಾಟರಿಯ ಪ್ಲಸ್ ತುದಿಯನ್ನು. ಎಂಜಿಬಿಯಲ್ಲಿ 1967ರವರೆಗೂ ಹಾಗೇ ಇತ್ತು. ಇಂದಿನ ಕಾರುಗಳಲ್ಲಿ ಬಾಡಿಗೆ ಹೋಗುವುದು ಮೈನಸ್. ಇದು ತಿಳಿಯದೆ ಬೇರೆ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಿದರೆ, ಫೋನ್ ಚಾರ್ಜರ್ ಅಥವಾ ಹೊಸ ಸ್ಟೀರಿಯೊ ಜೋಡಿಸಿದರೆ ಸುಟ್ಟುಹೋಗಬಹುದು. ವೈರ್ ಮುಟ್ಟುವ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ನೋಡಿ.

ಮಾತು 7: ‘ಬಿಸಿಯಾದರೆ ಥರ್ಮೋಸ್ಟಾಟ್ ತೆಗೆದುಬಿಡಿ’

ತಪ್ಪು. ಅಂಬಾಸಿಡರ್ ಕಾಲದಿಂದಲೂ ನಮ್ಮಲ್ಲಿ ಚಾಲ್ತಿಯಲ್ಲಿರುವ ಸಲಹೆ ಇದು. ಥರ್ಮೋಸ್ಟಾಟ್ ಎಂದರೆ ಎಂಜಿನ್ ತಕ್ಕಷ್ಟು ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ಬಾಗಿಲು. ಅದನ್ನು ತೆಗೆದರೆ ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ಸರಿಯಾದ ದಾರಿ ಬಿಟ್ಟು ಹರಿದು, ಒಂದು ಭಾಗ ಇನ್ನೂ ಹೆಚ್ಚು ಬಿಸಿಯಾಗುವುದೂ ಉಂಟು.

ಕೆಟ್ಟಿದ್ದರೆ ಹೊಸದು ಹಾಕಿ. ಬಿಸಿಯಾಗಲು ನಿಜವಾದ ಕಾರಣ ಹೆಚ್ಚಾಗಿ ಕೆಸರು ಕಟ್ಟಿದ ರೇಡಿಯೇಟರ್, ಸಡಿಲ ಫ್ಯಾನ್ ಬೆಲ್ಟ್ ಅಥವಾ ತಪ್ಪಾದ ಇಗ್ನಿಷನ್ ಟೈಮಿಂಗ್. ಬರೀ ನಲ್ಲಿ ನೀರು ಹಾಕಿದರೆ ಒಳಗೆ ತುಕ್ಕು ಹಿಡಿಯುತ್ತದೆ, ಕೂಲಂಟ್ ಬೆರೆಸಿಯೇ ಹಾಕಿ.

ಮಾತು 8: ‘ಫಳಫಳ ಹೊಳೆಯುತ್ತಿದೆ, ಕಣ್ಣು ಮುಚ್ಚಿ ತಗೊಳ್ಳಿ’

ತಪ್ಪು. ಪೇಂಟು ಕೊನೆಗೆ ನೋಡಬೇಕಾದ್ದು.

ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಚಾವಣಿ ಇಲ್ಲದ ಕಾರಿನಲ್ಲಿ ಆ ಭಾರದ ದೊಡ್ಡ ಪಾಲು ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ತಗಡಿನ ಮೇಲೆ ಬೀಳುತ್ತದೆ. ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಹಿಮ ಕರಗಲೆಂದು ಉಪ್ಪು ಸುರಿಯುವುದರಿಂದ ಅಲ್ಲಿಯ ಕಾರುಗಳಿಗೆ ಈ ಕಾಟ ಹೆಚ್ಚು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಯೂ ಅದೇ ಕೆಲಸ ಮಾಡುತ್ತವೆ. ತೂತಿನ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ಕಾಣುವುದಿಲ್ಲ.

ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗೆ, ಚಕ್ರದ ಕಮಾನಿನ ಸುತ್ತ ಇಟ್ಟು ನೋಡಿ. ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಲೋಟಸ್ ಎಲಾನ್‌ನಂಥ ಫೈಬರ್ ಬಾಡಿಯ ಕಾರುಗಳಿಗೆ ಈ ಪರೀಕ್ಷೆ ನಡೆಯದು. ಬಾಗಿಲು ಮತ್ತು ಹಿಂದಿನ ಬಾಡಿಯ ನಡುವಿನ ಸಂದು ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಬಾಗುತ್ತಿದೆ ಎಂದು ತಿಳಿಯಿರಿ. ಕಡ್ಡಿ ಚಕ್ರವಿದ್ದರೆ ಸ್ಪ್ಯಾನರ್‌ನಿಂದ ಒಂದೊಂದೇ ಕಡ್ಡಿಯನ್ನು ಮೆಲ್ಲನೆ ತಟ್ಟಿ. ಮಂಕು ಸದ್ದು ಬಂದ ಕಡ್ಡಿ ಸಡಿಲವಾಗಿದೆ.

ಸ್ಪಿಟ್‌ಫೈರ್, ಹೆರಾಲ್ಡ್ ಕಾರುಗಳಲ್ಲಿ ಇನ್ನೊಂದು ಗುಟ್ಟಿನ ಜಾಗವಿದೆ. ಮುಂದಿನ ಚಕ್ರ ತಿರುಗುವಾಗ ಕೆಳಗೆ ಆಧಾರವಾಗಿರುವ ‘ಟ್ರನಿಯನ್’ ಎಂಬ ಹಿತ್ತಾಳೆ ಬಣ್ಣದ ಭಾಗಕ್ಕೆ ಗ್ರೀಸ್ ಬದಲು ಗೇರ್ ಆಯಿಲ್ ತುಂಬಬೇಕು ಎಂದು ಟ್ರಯಂಫ್ ಕಂಪನಿಯ ಕೈಪಿಡಿ ಹೇಳುತ್ತದೆ. ಆಯಿಲ್ ಕಾಣದೆ ಒಳಗೆ ನೀರು ನಿಂತರೆ ಉಕ್ಕಿನ ಮರೆ ತುಕ್ಕು ಹಿಡಿದು ಒಂದು ದಿನ ತುಂಡಾಗುತ್ತದೆ, ಮುಂದಿನ ಚಕ್ರ ಮಡಚಿಕೊಳ್ಳುತ್ತದೆ. ಖರ್ಚು ಒಂದು ಲೋಟ ಆಯಿಲಿನದು. ಕೊಳ್ಳುವಾಗ ಇದನ್ನು ಕೊನೆಯದಾಗಿ ಯಾವಾಗ ತುಂಬಿದ್ದಿರಿ ಎಂದು ಕೇಳಿ. ಉತ್ತರ ತಡವರಿಸಿದರೆ ಮೊದಲು ಬಿಚ್ಚಿಸಿ ನೋಡಿ.

ಬಿಡಿಭಾಗ ಸಿಗುವುದಿಲ್ಲ ಎಂಬ ಭಯ ಮಾತ್ರ ಈ ಜನಪ್ರಿಯ ಮಾದರಿಗಳ ಮಟ್ಟಿಗೆ ಹೆಚ್ಚಾಯಿತು. ಎಂಜಿಬಿಯ ಇಡೀ ಬಾಡಿಯನ್ನೇ ಹಳೇ ಅಚ್ಚುಗಳಿಂದ ಹೊಸದಾಗಿ ಮಾಡಿಕೊಡುವ ಕೆಲಸ ಬ್ರಿಟನ್ನಿನಲ್ಲಿ 1988ರಲ್ಲೇ ಶುರುವಾಯಿತು. ಭಾರತಕ್ಕೆ ತರಿಸಿದರೆ ಸಾಗಾಟ, ಸುಂಕ ಸೇರಿ ದುಬಾರಿಯಾಗುತ್ತದೆ, ಅಷ್ಟೇ.

ಓಡಿಸುವಾಗ

ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಎಂಜಿನ್ ಒಪ್ಪುತ್ತಿದ್ದಂತೆ ಚೋಕ್ ಒಳಗೆ ತಳ್ಳಿ. ಮುಂದಿನ ವಾಹನಕ್ಕೆ ಹೊಸ ಕಾರಿನಲ್ಲಿ ಬಿಡುವ ಜಾಗದ ಎರಡರಷ್ಟು ಬಿಡಿ. 1967ರವರೆಗಿನ ಎಂಜಿಬಿಯಲ್ಲಿ ಮೊದಲ ಗೇರಿಗೆ ಸಿಂಕ್ರೊ ಇಲ್ಲ, ಕಾರು ಪೂರ್ತಿ ನಿಂತ ಮೇಲೆಯೇ ಹಾಕಬೇಕು. ಹಳೇ ಸ್ಪಿಟ್‌ಫೈರ್‌ಗಳಲ್ಲಿ ವೇಗವಾಗಿ ತಿರುಗುವಾಗ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಹಿಡಿತ ತಪ್ಪಬಹುದು. ವೇಗ ಇಳಿಸುವುದು ತಿರುವಿಗೆ ಮೊದಲು, ತಿರುವಿನಲ್ಲಲ್ಲ.

ಕಾನೂನು ಏನು ಹೇಳುತ್ತದೆ?

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಕಾರುಗಳಿಗೆ 2018ರಿಂದ ವಾರ್ಷಿಕ ಪರೀಕ್ಷೆ ಕಡ್ಡಾಯವಲ್ಲ. ಹಾಗೆಂದು ಸರ್ಕಾರ ಅವು ಸುರಕ್ಷಿತ ಎಂದು ಪ್ರಮಾಣಪತ್ರ ಕೊಟ್ಟಿಲ್ಲ. ರಸ್ತೆಗೆ ತಕ್ಕ ಸ್ಥಿತಿಯಲ್ಲಿ ಇಡುವ ಹೊಣೆ ಮಾಲೀಕರದೇ.

ಭಾರತದಲ್ಲಿ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ನಿಯಮ ಬಂದಾಗ ನಿಗದಿಯಾದ ಶುಲ್ಕ 20,000 ರೂಪಾಯಿ. ಇಂಥ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಓಡಿಸುವಂತಿಲ್ಲ.

ಕ್ಯಾಲೆಂಡರ್‌ನಲ್ಲಿ ಬರೆದಿಡಬೇಕಾದ್ದು

– ಎರಡು ಮೂರು ವಾರಕ್ಕೊಮ್ಮೆ: ಅರ್ಧ ಗಂಟೆಯ ಓಟ.
– ತಿಂಗಳಿಗೊಮ್ಮೆ: ಪೆಟ್ರೋಲ್ ಹೋಸ್, ಬ್ರೇಕ್ ಆಯಿಲ್ ಮಟ್ಟ, ಟೈರಿನ ಗಾಳಿ.
– ವರ್ಷಕ್ಕೊಮ್ಮೆ: ಎಂಜಿನ್ ಆಯಿಲ್, ಗ್ರೀಸಿಂಗ್, ಟ್ರನಿಯನ್ ಆಯಿಲ್, ಅರ್ತ್ ಪಟ್ಟಿ, ಬಾಗಿಲ ಕೆಳಗಿನ ತಗಡು.
– ಎರಡು ವರ್ಷಕ್ಕೊಮ್ಮೆ: ಬ್ರೇಕ್ ಆಯಿಲ್, ಕೂಲಂಟ್.
– ಹತ್ತು ವರ್ಷದೊಳಗೆ: ಟೈರು, ಎಲ್ಲ ರಬ್ಬರ್ ಹೋಸ್, ಗಟ್ಟೆ ಉಳಿದಿದ್ದರೂ ಸರಿ.
– ಕಾರಿನ ಕೆಳಗೆ ಹೋಗುವಾಗ: ಜಾಕ್ ಒಂದನ್ನೇ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಇಟ್ಟೇ ಹೋಗಿ.

60 ವರ್ಷದ ಕಾರು ಇಂದಿಗೂ ಓಡುತ್ತಿದ್ದರೆ ಅದಕ್ಕೆ ಕಾರಣ ‘ಅಂದಿನ ಕಬ್ಬಿಣ’ ಅಲ್ಲ. ಹೋಸ್, ಸೀಲ್, ತಗಡು, ಟೈರುಗಳನ್ನು ಹೊತ್ತುಹೊತ್ತಿಗೆ ಯಾರೋ ಬದಲಿಸುತ್ತ ಬಂದಿದ್ದಾರೆ. ಮುಂದಿನ ಸಲ ಆ ಕೆಂಪು ಕಾರಿನ ಚಿತ್ರ ಬಂದರೆ ಖಂಡಿತ ಹಂಚಿಕೊಳ್ಳಿ. ‘ಇಂದಿನ ಕಾರಿಗಿಂತ ಸುರಕ್ಷಿತ’ ಎಂಬ ಸಾಲನ್ನು ಮಾತ್ರ ಅಳಿಸಿ ಕಳಿಸಿ. ನಿಮ್ಮ ಗುಂಪಿನಲ್ಲಿ ಯಾರ ಶೆಡ್ಡಿನಲ್ಲಾದರೂ ಹಳೇ ಕಾರಿದ್ದರೆ, ಅದರ ಪೆಟ್ರೋಲ್ ಹೋಸ್ ಬದಲಿಸಿ ಎಷ್ಟು ವರ್ಷವಾಯಿತು ಎಂದು ಇವತ್ತೇ ಕೇಳಿ.